ಪತ್ನಿಯನ್ನು ಪತಿ ಮಾಡಿದವರಿಗೆ

ಆ್ಯಂಟಿವೈರಸ್ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರೆಂಬ ಮಾನ್ಯರೇ,

ಅಭಿನಂದನೆಗಳು. ನಿಮ್ಮ ಆ್ಯಂಟಿವೈರಸ್ ಕೊನೆಗೂ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಒಬ್ಬ ಕಳ್ಳನನ್ನು ಹಿಡಿದಿದೆ. ಸಿಕ್ಕಿಬಿದ್ದ ಆ ಖದೀಮ ಯಾರೆಂದರೆ, ಕನ್ನಡದ ಒತ್ತಕ್ಷರ!

ಗೋವಿಂದರಾಜನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ, ಯಾವ ಕಾರ್ಡು ಬೇಕಾದರೂ ಮಾಡಿಕೊಡುತ್ತೇನೆ. ನನ್ನ ಕನ್ನಡ ತಂತ್ರಾಂಶ ಹಳೆಯದು. ಅದನ್ನು ಮಾಡಿದವರು ಎಂದೋ ಬಾಗಿಲು ಹಾಕಿಕೊಂಡು ಹೋದರು. ಹಳೇ ವಿಂಡೋಸ್ ಬಿಟ್ಟರೆ ಅದು ಬೇರೆಲ್ಲೂ ಓಡುವುದಿಲ್ಲ. ಅದರಲ್ಲಿ ಒತ್ತಕ್ಷರಗಳಿಗೆಂದೇ ಬೇರೆ ಒಂದು ಫೈಲು. ಹಳೇ ವಿಂಡೋಸಿಗೆ ಇನ್ನು ಸೇವೆ ಇಲ್ಲವೆಂದು ತೀರ್ಮಾನಿಸಿದ ನೀವು, ಸುಮ್ಮನೆ ಹೋಗಬಾರದಿತ್ತೇ? ಹೋಗುವ ಮುನ್ನ ಕೊನೆಯದೊಂದು ಅಪ್‌ಡೇಟ್ ಕಳಿಸಿದಿರಿ. ಅದು ಆ ಫೈಲನ್ನು ಅಪಾಯಕಾರಿ ಎಂದು ಎತ್ತಿಹಾಕಿಕೊಂಡು ಹೋಯಿತು. ಕೆಲಸ ಬಿಡುವ ದಿನ ಮನೆಯ ಒಲೆಯನ್ನೇ ಹೊತ್ತುಕೊಂಡು ಹೋದ ಕಾವಲುಗಾರನಿಗೆ ನೀವು ಏನನ್ನುತ್ತೀರೋ, ನಿಮಗೆ ನಾನು ಅದನ್ನೇ ಅನ್ನುತ್ತಿದ್ದೇನೆ.

ಅಂದು ಆರ್‌ಪಿಸಿ ಲೇಔಟಿನ ಸೋಮಲಿಂಗಪ್ಪನವರ ಕಾರ್ಡು ಮುದ್ರಣಕ್ಕಿತ್ತು. ಹಾವೇರಿ ಕಡೆಯ ಹಿರಿಯರು. ಅವರ ಹೆಂಡತಿ ಶಿವಕ್ಕ ತೀರಿಕೊಂಡಿದ್ದರು. ಶಿವಗಣಾರಾಧನೆಯ ಆಹ್ವಾನ ಅದು. ಬೆಳಿಗ್ಗೆ ಅವರು ಕರಡನ್ನು ಬೆರಳಿಟ್ಟು ಓದಿ, ಸರಿ ಎಂದು ಹೋದರು. ಗಿರಾಕಿ ಸರಿ ಎಂದ ಮೇಲೆ ಒಂದಕ್ಷರವನ್ನೂ ಮುಟ್ಟಬಾರದು ಎಂಬುದು ನಮ್ಮ ಕಸುಬಿನ ನಿಯಮ. ನಾನು ಮುಟ್ಟಲಿಲ್ಲ. ನಾನು ಊಟಕ್ಕೆ ಹೋದಾಗ ನೀವು ಮುಟ್ಟಿದಿರಿ. ಬಂದವಳೇ ಮತ್ತೆ ಓದದೆ ಪ್ರಿಂಟ್ ಕೊಟ್ಟೆ. ಅವಸರದಲ್ಲಿದ್ದ ಅವರ ಬಂಧುಗಳು ಕಟ್ಟು ಬಿಚ್ಚಿ ನೋಡದೆ ಒಯ್ದು ಹಂಚಿಬಿಟ್ಟರು. ‘ನನ್ನ ಪತ್ನಿ ಶಿವಕ್ಕ ಲಿಂಗೈಕ್ಯರಾದ ಪ್ರಯುಕ್ತ’ ಎಂದಿರಬೇಕಾದಲ್ಲಿ ಇದ್ದದ್ದು: ‘ನನ ಪತಿ ಶಿವಕ ಲಿಂಗೈಕರಾದ ಪಯುಕ.’

ಸಾವಿನ ಮನೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರಂತೆ. ನಾಚಿಕೆಯಿಂದ ಸಾಯುವಂತಾಗಿ ನಾನು ಕ್ಷಮೆ ಕೇಳಲು ಓಡಿದೆ. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋಗಿದ್ದೆ. ಸೋಮಲಿಂಗಪ್ಪನವರು ಕಾರ್ಡು ಹಿಡಿದು ಕೂತಿದ್ದರು.

"ಇರ್ಲಿ ಬಿಡವ್ವಾ. ಮನಿ ನಡೆಸಿದಾಕಿ ಆಕೀನೇ. ನಾನು ಆಕಿ ಹೇಳ್ದಂಗ ಕೇಳಿದಾಂವ. ಪತಿ ಅಂತ ಬಿದ್ರ ಸುಳ್ಳೇನಲ್ಲ" ಎಂದರು. ಆಮೇಲೆ, "ಆದ್ರ ಹೆಸರರ ಸರಿ ಬೀಳಬೇಕಿತ್ತು. ನಮ್ಮ ಮದುವಿಗೆ ಕಾರ್ಡ್ ಹಾಕ್ಸಿದ್ದಿಲ್ಲ. ಆಕಿ ಹೆಸರು ಅಚ್ಚಾಗಿದ್ದು ಇದೊಂದೇ ಸಲ ನೋಡು" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಅವರ ದೊಡ್ಡತನದ ಹಿಂದೆ ನೀವು ಅವಿತುಕೊಳ್ಳುವಂತಿಲ್ಲ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

"ಮ್ಯಾಮ್, ನಿಮ್ದು ಹಳೇ ವಿಂಡೋಸ್. ಸಪೋರ್ಟ್ ಇಲ್ಲ."

"ಸಪೋರ್ಟ್ ಇಲ್ದಿದ್ರೆ ನನ್ನ ಫೈಲ್‌ಗೆ ಯಾಕಮ್ಮಾ ಕೈ ಹಾಕಿದ್ರಿ?"

"ಡಿಲೀಟ್ ಆಗಿಲ್ಲ ಮ್ಯಾಮ್, ಕ್ವಾರಂಟೈನ್‌ನಲ್ಲಿದೆ. ಆದ್ರೆ ನಮ್ಮ ಸಾಫ್ಟ್‌ವೇರ್ ಓಪನ್ ಆದ್ರೇನೇ ಅದನ್ನ ಬಿಡ್ಸೋಕಾಗೋದು. ನಿಮ್ಮ ಸಿಸ್ಟಮ್‌ನಲ್ಲಿ ಅದು ಇನ್ಮೇಲೆ ಓಪನ್ ಆಗಲ್ಲ."

ಆಹಾ! ಕೊರೊನಾ ಕಾಲದಲ್ಲಿ ನಮ್ಮನ್ನೂ ಕ್ವಾರಂಟೈನ್‌ನಲ್ಲಿ ಇಟ್ಟಿದ್ದರು. ಆದರೆ ಬೀಗ ಹಾಕಿ ಬೀಗದ ಕೈಯನ್ನು ಒಳಗೇ ಬಿಸಾಕಿರಲಿಲ್ಲ. ವರ್ಷಾವರ್ಷ ರಿನೀವಲ್ ಮಾಡಿ ಎಂದು ನನ್ನ ಪ್ರಾಣ ತಿನ್ನುವಾಗ ಈ ವಿಂಡೋಸಿಗೆ ವಯಸ್ಸಾಗಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಕನ್ನಡದ ಒತ್ತು ಯಾವುದು, ವೈರಸ್ ಯಾವುದು ಎಂದು ಗೊತ್ತಿಲ್ಲದ ಮಹನೀಯರು ನಮಗೆ ರಕ್ಷಣೆ ಬೇರೆ ಕೊಡುತ್ತೀರಿ!

ನನ್ನ ಬೇಡಿಕೆ ಇಷ್ಟೇ. ಒಬ್ಬರನ್ನು ಕಳಿಸಿ, ಆ ಫೈಲನ್ನು ಬಿಡಿಸಿಕೊಡಿ. ಶಿವಕ್ಕನ ಹೆಸರನ್ನು ಮತ್ತೆ ಅಚ್ಚು ಹಾಕಿ ನಾನೇ ಸೋಮಲಿಂಗಪ್ಪನವರ ಕೈಗೆ ಕೊಡಬೇಕು. ಬೇರೆ ಅಂಗಡಿಯಲ್ಲಿ ಮಾಡಿಸು ಎಂಬ ಬಿಟ್ಟಿ ಸಲಹೆ ಬೇಡ. ಕೆಟ್ಟದ್ದು ನನ್ನ ಅಂಗಡಿಯಲ್ಲಿ, ಸರಿಯಾಗಬೇಕಾದದ್ದೂ ಅಲ್ಲೇ.

ಈ ಪತ್ರವನ್ನು ಪಕ್ಕದ ಅಂಗಡಿಯಲ್ಲಿ ಕೂತು ಟೈಪ್ ಮಾಡಿದ್ದೇನೆ. ಸಹಿಯನ್ನು ಮಾತ್ರ ನನ್ನ ಕಂಪ್ಯೂಟರಿನಲ್ಲೇ ಹೊಡೆದು ಅಂಟಿಸಿದ್ದೇನೆ. ನೀವು ಕಾಪಾಡಿದ ಕನ್ನಡ ಹೇಗಿದೆ, ಕಣ್ಣಾರೆ ನೋಡಿ. ಪುಣ್ಯಕ್ಕೆ ನನ್ನ ಹೆಸರಿಗೂ ನಮ್ಮ ಏರಿಯಾ ಹೆಸರಿಗೂ ಒತ್ತಿಲ್ಲ. ಶಿವಕ್ಕನಿಗೆ ಆ ಪುಣ್ಯ ಇರಲಿಲ್ಲ.

ಇಂತಿ,
ತಮ ನಂಬಿಕಸ ಗಾಹಕಿ
ಶೋಭಾರಾಣಿ
ಗೋವಿಂದರಾಜನಗರ