ಬಯಲಾದವರ ಸೀಟಿ

ಭಾಲ್ಕಿ
೧೦ ಜನವರಿ ೨೦೨೫

ಮಗಳು ಮನಿಷಾಗೆ,

ಶರಣು. ಔರಾದದಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಫೋನ್ ಎತ್ತಲಿಲ್ಲವೆಂದು ಮುನಿಯಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಬರೆಯಲು ತಡವಾಯಿತು.

ನಿಮ್ಮಪ್ಪ ಹೋದ ಮೇಲೂ ಹೊತ್ತು ಮುಳುಗಿದರೆ ಮನೆಯಲ್ಲಿ ಅವರ ಎದೆಯ ಸೀಟಿ ಕೇಳುತ್ತಿತ್ತು. ದಾಲ್ ಮಿಲ್ಲಿನ ಧೂಳು ಕುಡಿದ ಅದೇ ಉಸಿರು, ಸಣ್ಣಗೆ, ಎಳೆದು ಎಳೆದು. ನಾನು ಹೆದರಲಿಲ್ಲ. ನನ್ನ ಮನೆಯಲ್ಲಿ ನನಗೇನು ಹೆದರಿಕೆ?

ದಮ್ಮಿನ ರೋಗಿಗಳನ್ನು ವಿಚಾರಿಸುವ ಹುಡುಗಿ ಬೀದರಿನ ದವಾಖಾನೆಯಿಂದ ಫೋನ್ ಮಾಡಿದಳು. "ಮಡೆಪ್ಪನವ್ರು ಹ್ಯಾಂಗ ಅದಾರ್ರಿ?"

ಸತ್ತರು ಎಂದು ನಾವು ಅನ್ನುವುದುಂಟೆ? "ಅವ್ರು ಬಯಲಾಗ್ಯಾರ" ಎಂದೆ.

"ಬಯಲಾಗ ಹೋಗ್ಯಾರೇನ್ರಿ? ಛಲೋ ಆಯ್ತು, ತಿರಗಾಡ್ಲಿ. ಬಂದ ಮ್ಯಾಲ ದಮ್ಮಿನ ಪಂಪ್ ಬಾಯಾಗ ಇಟ್ಟು ಎಳಕೋಲಿಕ್ಕ ಹೇಳ್ರಿ. ಸೀಟಿ ಇನ್ನಾ ಕೇಳಸ್ತದೇನ್ರಿ?"

ಕೇಳಿಸುತ್ತದೆ ಎಂದೆ. ಸುಳ್ಳಲ್ಲ. ತಿದ್ದಲು ಮನಸ್ಸಾಗಲಿಲ್ಲ. ಅವರು ಬಯಲಿನಿಂದ ತಿರುಗಿ ಬರುತ್ತಾರೆಂದು ಯಾರೋ ಅಂದದ್ದು ಅದೇ ಮೊದಲು.

ಸೀಟಿ ನಿಂತಿಲ್ಲವೆಂದು ದವಾಖಾನೆಯವರು ನರ್ಸ್ ತಬಸ್ಸುಮಳನ್ನು ಹೊಸ ಪಂಪ್ ಕೊಟ್ಟು ಕಳಿಸಿದರು. ಸಂಜೆ ಬಂದಳು.

"ಅಮ್ಮಾ, ದಾದಾ ಎಲ್ಲಿ?"

"ಕೇಳಸವಲ್ದೇನು? ಒಳಗ ಸೀಟಿ ಹೊಡ್ಯಾಕತ್ತಾರ."

ಅವಳು ಕಿವಿಗೊಟ್ಟಳು. ಒಳಕೋಣೆಗೆ ಹೋಗಿ ನೋಡಿ ಬಂದಳು. ಅಲ್ಲಿದ್ದದ್ದು ಹಾರ ಹಾಕಿದ ನಿಮ್ಮಪ್ಪನ ಫೋಟೋ ಮಾತ್ರ. ನನ್ನೆದುರು ಕುಳಿತು, "ಉಸ್ರ ಹಿಡೀರಿ ಅಮ್ಮಾ" ಎಂದಳು. ಹಿಡಿದೆ. ಸೀಟಿ ನಿಂತಿತು.

"ಬಿಡ್ರಿ."

ಬಿಟ್ಟೆ. ಮತ್ತೆ ಬಂತು.

"ಇದು ದಾದಾಂದಲ್ಲರಿ, ನಿಮ್ದು. ಒಲಿ ಹೊಗಿ ಕುಂತದ ಎದ್ಯಾಗ."

"ಏ ಹುಡುಗಿ, ನನ್ನ ಎದ್ಯಾಗ ಕುಂತು ಸೀಟಿ ಹೊಡ್ಯೂ ಧೈರ್ಯ ಯಾರಿಗದ?" ಎಂದೆ. ಅವಳು ನಗಲಿಲ್ಲ. ಬೀದರಿಗೆ ಫೋನ್ ಮಾಡಿ ರೋಗಿಗಳ ಪಟ್ಟಿಯಿಂದ ನಿಮ್ಮಪ್ಪನ ಹೆಸರು ತೆಗೆಸಿ ನನ್ನದು ಹಾಕಿಸಿದಳು. ಪಂಪ್ ಎಳೆಯುವುದನ್ನು ಕಲಿಸಿ, ಒಂದು ಹೊತ್ತೂ ಬಿಟ್ಟರೆ ಉಸಿರು ಕಟ್ಟೀತೆಂದು ಹೆದರಿಸಿ ಹೋದಳು.

ಬುಧವಾರ ಅವಳು ಔರಾದಕ್ಕೆ ಬರುತ್ತಾಳೆ. ನಿನ್ನ ಅತ್ತೆಯ ಕೆಮ್ಮು ತೋರಿಸು, ಸಂಕೋಚ ಬೇಡ. ನೀನೂ ಹೊಗೆಯಲ್ಲಿ ನಿಲ್ಲಬೇಡ. ಬಸವಣ್ಣ ನಿನ್ನ ಮನೆಯನ್ನು ತಂಪಾಗಿಡಲಿ.

ನಿನ್ನ ಅವ್ವ,
ಪುತಳಾಬಾಯಿ

ಮರೆತಿದ್ದೆ: ನಿನ್ನೆ ಪಂಪ್ ಎಳೆದುಕೊಂಡೆ. ಹೊತ್ತು ಮುಳುಗಿತು, ಸೀಟಿ ಬರಲಿಲ್ಲ. "ಏನ್ರಿ" ಎಂದೆ. ಆಮೇಲೆ ಜನ್ಮದಲ್ಲಿ ಮೊದಲ ಸಲ ಹೆಸರು ಹಿಡಿದೇ ಕೂಗಿದೆ, ಬೈಯಲಾದರೂ ಬಂದಾರೆಂದು. ಇಲ್ಲ. ಇವತ್ತು ಪಂಪ್ ಮುಟ್ಟಿಲ್ಲ. ಹೊತ್ತು ಮುಳುಗಲಿ, ಕಾಯುತ್ತೇನೆ.