ಟಿವಿಗೆ ಹೋದ ಪ್ಲಗ್ಗು

ರೀ,

ನಾನು ಬೇಲೂರಿಗೆ ಡ್ಯೂಟಿಗೆ ಹೊರಟೆ. ನಿಮ್ಮನ್ನ ಎಬ್ಬಿಸಿದ್ರೆ ಬಾಯಿಗೆ ಬಂದದ್ದೆಲ್ಲ ಅಂದ್ಬಿಡ್ತೀನಿ ಅಂತ ಬರೆದಿಟ್ಟಿದ್ದೀನಿ.

ನಿನ್ನೆ ಕರೆಂಟ್ ಹೋದಾಗ ಯುಪಿಎಸ್‌ನಿಂದ ಮೀನಿನ ಟ್ಯಾಂಕಿನ ಪ್ಲಗ್ ಕಿತ್ತು ಟಿವಿದು ಹಾಕ್ಕೊಂಡಿದ್ದು ನೀವೇ ಅಂತ ಸಿದ್ಧಿ ಹೇಳಿದ್ಲು. ಮ್ಯಾಚ್ ಗೆದ್ರಾ? ಹಳದಿ ಮೀನು ಸತ್ತಿದೆ. ಉಳಿದವು ಮೇಲೆ ಬಂದು ಬಾಯಿ ಬಿಡ್ತಿವೆ.

ಗಾಳಿಯ ಪಂಪ್ ಮತ್ತೆ ಹಾಕಿದ್ದೀನಿ, ಮುಟ್ಟಬೇಡಿ. ಪಾಪ ಅಂತ ಇವತ್ತು ಒಂದು ಚಿಟಿಕೆ ಊಟವೂ ಹಾಕಬೇಡಿ, ಕೊಳೆತು ನೀರು ಇನ್ನೂ ಕೆಡುತ್ತೆ. ನೀಲಿ ಬಕೆಟ್‌ನಲ್ಲಿ ನೀರಿಗೆ ಟ್ಯಾಂಕಿನ ಉಪ್ಪು ಕಲಸಿಟ್ಟಿದ್ದೀನಿ. ಮಧ್ಯಾಹ್ನ ಟ್ಯಾಂಕಿನಿಂದ ಒಂದು ಬಕೆಟ್ ಹಳೇ ನೀರು ತೆಗೆದು ಇದನ್ನ ನಿಧಾನಕ್ಕೆ ಸುರೀರಿ. ಕುಡಿಯೋಕೆ ಬಟ್ಟೆಯಲ್ಲಿ ಸೋಸಿಟ್ಟ ನೀರನ್ನ ಮಾತ್ರ ಹಾಕಬೇಡಿ. ಅದರಲ್ಲಿ ಉಪ್ಪಿಲ್ಲ; ನಮಗೆ ಶುದ್ಧ ಆದದ್ದು ಅವಕ್ಕೆ ವಿಷ.

ಸತ್ತದ್ದನ್ನ ಬಟ್ಟೆ ಸುತ್ತಿ ದಾಸವಾಳದ ಬುಡದಲ್ಲಿ ಇಟ್ಟಿದ್ದೀನಿ. ಸಿದ್ಧಿ ಸ್ಕೂಲಿಂದ ಬರೋಷ್ಟರಲ್ಲಿ ಗುಂಡಿ ತೋಡಿರಿ, ಮಣ್ಣು ಅವಳೇ ಹಾಕ್ತಾಳಂತೆ. ಅವಳ ಮುಂದೆ ಸಬೂಬು ಹೇಳಬೇಡಿ.

ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ. ಆರಿದ್ರೆ ಆರಿದ್ದನ್ನೇ ತಿನ್ನಿ.

ದಶಲಕ್ಷಣ ಪರ್ವದಲ್ಲಿ ಬಸದಿಯಿಂದ ಬರ್ತಾ ಜೀವದಯೆ ಅಂತ ಅಂಗಡಿಯಿಂದ ಇವನ್ನ ಕೊಂಡು ತಂದೋರು ನೀವು. ಕೆರೆಗೆ ಬಿಟ್ಟು ಪುಣ್ಯ ಕಟ್ಕೋತೀನಿ ಅಂತ ಹೊರಟಿದ್ರಿ. ಸಮುದ್ರದ ಮೀನು ಹಳೇಬೀಡಿನ ಕೆರೆಯಲ್ಲಿ ಬದುಕಲ್ಲ ಕಣ್ರೀ ಅಂತ ನಾನೇ ಅಡ್ಡ ಬಂದೆ. ಅವತ್ತಿಂದ ಪುಣ್ಯ ನಿಮಗೆ, ಟ್ಯಾಂಕ್ ತೊಳೆಯೋದು ನನಗೆ.

ಅಂಗಡಿಯವನ ಕೈಯಿಂದ ಬಿಡಿಸ್ಕೊಂಡು ಬಂದ್ರಿ, ಸರಿ. ನಿಮ್ಮ ಕೈಯಿಂದ ಇವನ್ನ ಬಿಡಿಸೋರು ಯಾರು?

ವಂದನಾ