ಭೀಮರಾಯನ ವಿರುದ್ಧದ ಅರ್ಜಿ

ಕ್ರೀಡಾ ನಿರ್ದೇಶಕರಿಗೆ,
ಗೋಕಾಕ

ಸರ್, ಹುಕ್ಕೇರಿಯಲ್ಲಿ ಡಿಗ್ರಿ ಮುಗಿಸಿ, ಫುಟ್‌ಬಾಲ್ ಆಡಲೆಂದೇ ನಮ್ಮಲ್ಲಿ ಎಂ.ಎ. ಸೇರಿದ ಭೀಮರಾಯನನ್ನು ತಂಡದಿಂದ ಕೈಬಿಡಿ, ನಮ್ಮ ಹುಡುಗರ ಜಾಗ ಹೋಗುತ್ತದೆ ಎಂದು ಅರ್ಜಿ ಬರೆದವಳು ನಾನೇ.

ನಿನ್ನೆ ಮೂಡಲಗಿಯ ಸೆಮಿಫೈನಲ್ ನೋಡಿದಿರಲ್ಲ! ಗೋಲು ಖಾಲಿ ಬಿದ್ದಿತ್ತು. ಭೀಮರಾಯನೇ ಹೊಡೆಯಬಹುದಿತ್ತು. ಹೊಡೆಯದೆ ಮೊದಲ ವರ್ಷದ ದುರ್ಗೇಶನಿಗೆ ಚೆಂಡು ಕೊಟ್ಟು, "ಹೊಡಿಯೋ ತಮ್ಮಾ!" ಎಂದು ಕೂಗಿದ. ಗೆದ್ದೇಬಿಟ್ಟೆವು! ಕೂಗಿ ಕೂಗಿ ನನ್ನ ಗಂಟಲು ಹೋಗಿದೆ.

ದಯವಿಟ್ಟು ಆ ಅರ್ಜಿ ಹರಿದುಹಾಕಿ, ಫೈನಲ್‌ಗೆ ಇಬ್ಬರನ್ನೂ ಇಳಿಸಿ. ಹರಿಯುವ ಮುನ್ನ ಕೊನೆಯ ಸಹಿ ನೋಡಿ. ಕ್ಯಾಂಟೀನಿನಲ್ಲಿ ಯಾರೋ ಒಬ್ಬನ ಮುಂದೆ ಹಾಳೆ ಹಿಡಿದಿದ್ದೆ. ಅವನು ಪೂರ್ತಿ ಓದಿ, "ಖರೆ ಐತ್ರಿ, ಸಣ್ಣವರಿಗೂ ಜಾಗಾ ಬೇಕು" ಎಂದು ಸಹಿ ಹಾಕಿದ್ದ. ನಿನ್ನೆ ಮೈದಾನದಲ್ಲಿ ದುರ್ಗೇಶನಿಗೆ ಚೆಂಡು ಕೊಟ್ಟವನೂ, ಗೆದ್ದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದವನೂ ಆ ಸಹಿಯವನೇ.

ನಿಮ್ಮ ವಿದ್ಯಾರ್ಥಿನಿ,
ಐಶ್ವರ್ಯ, ಬಿ.ಎ. ಅಂತಿಮ ವರ್ಷ